ಒಪ್ಪಲ್ಲ ಅಂದವಳು

ಟ್ರಯಲ್ ರೂಮಿನ ಪರದೆ ಅಲುಗಾಡಿತು. ಮೊದಲು ಒಂದು ತೋಳು ಹೊರಗೆ ಬಂತು. ಆಮೇಲೆ ಭುಜ. ಆಮೇಲೆ, ಸಂಕೋಚದಿಂದ ಅರ್ಧಕ್ಕರ್ಧ ಕುಗ್ಗಿಹೋಗಿದ್ದ ಒಬ್ಬ ಮನುಷ್ಯ.

ಸಾಸಿವೆ ಬಣ್ಣದ ಶರ್ಟು. ಹೊಟ್ಟೆಯ ಹತ್ತಿರ ದೊಗಳೆ, ಕತ್ತಿನ ಹತ್ತಿರ ಬಿಗಿ.

"ಒಪ್ಪುತ್ತಾ?" ಎಂದು ಅವನು ಕೇಳಿದ.

ಅವಳು ಹೇಳಬೇಕಾಗಿದ್ದ ಮಾತು ಒಂದೇ. ದಿನವಿಡೀ ಹೇಳುವ ಮಾತು. 'ತುಂಬಾ ಒಪ್ಪುತ್ತೆ ಸರ್, ನಿಮಗೇ ಅಂತ ಹೊಲಿದ ಹಾಗಿದೆ!' ಹಾಗೆ ಹೇಳುವುದಕ್ಕೆಂದೇ ಬಟ್ಟೆ ಅಂಗಡಿಯವರು ಅವಳನ್ನು ಮೂರನೇ ಮಹಡಿಯಲ್ಲಿ, ಆಳೆತ್ತರದ ಕನ್ನಡಿಯ ಪಕ್ಕದಲ್ಲಿ ನಿಲ್ಲಿಸಿದ್ದರು. ಅದಕ್ಕೇ ಜೊತೆಯ ಕೆಲಸದವರೆಲ್ಲ ಅವಳನ್ನು ಕನ್ನಡಿ ಎಂದು ಕರೆಯುತ್ತಿದ್ದರು. ಗುಂಡಿ ಹಾಕಲು ಬಾರದಿದ್ದರೂ ಒಪ್ಪುತ್ತೆ, ತೋಳು ಬೆರಳು ಮುಚ್ಚಿದರೂ ಒಪ್ಪುತ್ತೆ. ಅಷ್ಟು ಸಲೀಸಾಗಿ ಸುಳ್ಳು ಹೇಳುವ ಕನ್ನಡಿಯನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ಆದರೆ ಅವತ್ತು ಏನಾಯಿತೋ... ಅವನ ಮುಖದಲ್ಲಿದ್ದ ಪೆಚ್ಚುತನ ನೋಡಿ ಬಾಯಿ ತಪ್ಪಿತು.

"ಒಪ್ಪಲ್ಲ" ಎಂದುಬಿಟ್ಟಳು.

ಅವನು ಒಂದು ಗಳಿಗೆ ಬೆರಗಾಗಿ ನೋಡಿದ. ಆಮೇಲೆ ಜೋರಾಗಿ ನಕ್ಕ. ಪಕ್ಕದಲ್ಲೇ ಹೊಲಿಗೆ ಮಿಷನ್ ತುಳಿಯುತ್ತ, ಕೊಂಡವರ ಬಟ್ಟೆ ಬಿಗಿ ಸಡಿಲ ಮಾಡಿಕೊಡುತ್ತಿದ್ದ ಟೈಲರಮ್ಮ ಕೂಡ ಕಾಲು ನಿಲ್ಲಿಸಿ ತಲೆಯೆತ್ತಿದಳು.

"ಈ ಅಂಗಡಿಯಲ್ಲಿ ನಿಜ ಹೇಳೋರೂ ಇದ್ದಾರೆ ಅಂತಾಯ್ತು" ಎಂದ ಅವನು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನ ಕಣ್ಣು ಅವಳ ಡ್ರೆಸ್ಸಿನ ಮೇಲೆ ನಿಂತಿತು. "ಹಾಗಾದ್ರೆ ನಾನೂ ಒಂದು ನಿಜ ಹೇಳ್ಲಾ? ನೀವು ಹಾಕಿರೋದೂ ನಿಮಗೆ ಒಪ್ಪಲ್ಲ. ಬೇರೆ ಯಾರದ್ದೋ ಹಾಕ್ಕೊಂಡ ಹಾಗಿದೆ."



ಕೋಪ ಬಂತು, ಅದಕ್ಕಿಂತ ಮೊದಲು ಕಣ್ಣೀರು ಬಂತು. ಯಾವನೋ ದಾರಿಹೋಕ, ಹೆಸರಿಲ್ಲ ಪರಿಚಯವಿಲ್ಲ, ಬಂದವನೇ ಗಾಯದ ಮೇಲೇ ಕೈ ಇಟ್ಟಿದ್ದ! ಅವಳು ಆ ಕಡೆ ತಿರುಗಿಕೊಂಡು, ಮಡಿಸಿದ್ದ ಶರ್ಟುಗಳನ್ನೇ ಮತ್ತೆ ಬಿಚ್ಚಿ ಮಡಿಸತೊಡಗಿದಳು. ಅವನು ಶರ್ಟು ಬಿಚ್ಚಿಟ್ಟು ಹೊರಟುಹೋದ.

ಅವನು ಹೇಳಿದ್ದು ಸುಳ್ಳಾಗಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅದು ನಿಜವಾಗಿಯೂ ಬೇರೆಯವರದ್ದೇ ಆಗಿತ್ತು. ಅವಳ ಅಕ್ಕನದು.

ಅಕ್ಕ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅವಳ ಬೀರು ಹಾಗೇ ಉಳಿದಿತ್ತು, ತುಂಬಾ ಬಟ್ಟೆ, ಒಂದೊಂದಕ್ಕೂ ಒಂದೊಂದು ನೆನಪು. ತಂದೆ ಇಲ್ಲದ ಮನೆಯಲ್ಲಿ ಅಮ್ಮ ಮಾತು ಬಿಟ್ಟು, ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳವು. ಒಮ್ಮೆ ಬೇರೆ ಯಾವುದೂ ಒಣಗಿರಲಿಲ್ಲವೆಂದು ಕನ್ನಡಿ ತನ್ನ ಅಕ್ಕನ ನೇರಳೆ ಡ್ರೆಸ್ಸು ಹಾಕಿಕೊಂಡು ಅಡುಗೆಮನೆಗೆ ಬಂದಳು. ಅಮ್ಮ ಎದ್ದು ಕೂತಳು. ಅವತ್ತು ಅಮ್ಮ ಉಂಡಳು.

ಅಲ್ಲಿಂದ ಶುರುವಾಗಿದ್ದು ಮುಗಿಯಲೇ ಇಲ್ಲ. ಬೆಳಿಗ್ಗೆ ಅಮ್ಮನೇ ಬೀರು ತೆಗೆದು ಅವತ್ತಿನ ಬಟ್ಟೆ ಎತ್ತಿಕೊಡುತ್ತಿದ್ದಳು. ಸಂಜೆ ಅದರಲ್ಲಿ ಒಂದು ಚುಕ್ಕೆ ಕಲೆ ಕಂಡರೂ ಅಮ್ಮನ ಮುಖ ಬಾಡುತ್ತಿತ್ತು. ತಾನೇ ಕೂತು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಹಾಗಾಗಿ ಕನ್ನಡಿ ಊಟಕ್ಕೆ ಕೂತರೂ ಮೈಯೆಲ್ಲ ಕಣ್ಣಾಗಿ ಕೂರುವಳು, ಬಸ್ಸಿನಲ್ಲಿ ಸರಳಿಗೆ ಒರಗುತ್ತಿರಲಿಲ್ಲ. ಅಕ್ಕ ಗಟ್ಟಿಮುಟ್ಟು ಆಳು, ಇವಳು ಸಣಕಲು. ಭುಜ ಜಾರುತ್ತಿತ್ತು. ಒಂದೇ ಒಂದು ಹೊಲಿಗೆ ಹಿಡಿದುಕೊಡ್ತೀನಿ ಬಾರೇ ಎಂದು ಟೈಲರಮ್ಮ ಎಷ್ಟೋ ಸಲ ಕರೆದಿದ್ದಳು. ಅಮ್ಮ ಅದಕ್ಕೆ ಸೂಜಿ ತಾಗಿಸಲೂ ಬಿಡುತ್ತಿರಲಿಲ್ಲ.

ಹೊಸ ಬಟ್ಟೆ? ಬಟ್ಟೆಯ ರಾಶಿಯ ಮಧ್ಯೆಯೇ ಅವಳ ಬದುಕು. ಹೊಸ ಸರಕು ಬಂದಾಗ ಜೊತೆಯ ಹುಡುಗಿಯರು ಕಿತ್ತಾಡಿ ಎತ್ತಿಟ್ಟುಕೊಳ್ಳುವರು. ನಿನಗೆ ಯಾವುದು ಎಂದರೆ ಇವಳು "ನನಗೆ ಬೇಡ" ಎನ್ನುವಳು. ಎಷ್ಟು ಸಲ ಹೇಳಿದ್ದಳೆಂದರೆ, ಆಮೇಲಾಮೇಲೆ ಯಾರೂ ಕೇಳುವುದನ್ನೇ ಬಿಟ್ಟರು.

'ಅಮ್ಮನ ಮುಖದ ನಗು ಒಂದು ಕಡೆ, ನನ್ನ ಒಂದು ಡ್ರೆಸ್ಸು ಇನ್ನೊಂದು ಕಡೆ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?' ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡು ರಾತ್ರಿ ದಿಂಬು ಒದ್ದೆ ಮಾಡುವಳು. ಪಾಪ, ಇನ್ನೇನು ಮಾಡಿಯಾಳು ಹೇಳಿ?

ಅವನು ಮತ್ತೆ ಬಂದ.

ಈ ಸಲ ಗಿರಾಕಿಯಾಗಿ ಅಲ್ಲ, ಅಂಗಡಿಯ ಲಿಫ್ಟ್ ರಿಪೇರಿಗೆ. ಅವನು ಲಿಫ್ಟ್ ಮೆಕ್ಯಾನಿಕ್ ಎಂದು ಅವಳಿಗೆ ಆಗಲೇ ಗೊತ್ತಾಗಿದ್ದು. ಕೆಲಸ ಮುಗಿಸಿ, ಕೈ ತೊಳೆದು, ಕನ್ನಡಿಯ ಮುಂದೆ ಬಂದು ನಿಂತ. ಟೈಲರಮ್ಮ ಅವನನ್ನು ಹಿಡಿದು ಅಕ್ಕನ ವಿಷಯ ಹೇಳಿ ಉಗಿದು ಉಪ್ಪಿನಕಾಯಿ ಹಾಕಿದ್ದಳಂತೆ.

"ನನ್ನ ನಾಲಿಗೆಗೆ ಮೂಳೆ ಇಲ್ಲ. ಕ್ಷಮಿಸಿಬಿಡಿ" ಎಂದ. ಉಳಿದವರಂತೆ 'ಹೋದವರ ಬಟ್ಟೆ ಹಾಕ್ಕೋಬಾರದು' ಎಂದೋ, 'ಅಮ್ಮನಿಗೆ ತಿಳಿಸಿ ಹೇಳಿ' ಎಂದೋ ಬುದ್ಧಿ ಹೇಳಲಿಲ್ಲ. ಅಕ್ಕ ಹೇಗಿದ್ದರು ಎಂದಷ್ಟೇ ಕೇಳಿದ. ಅದನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ. ಅಕ್ಕ ಜಗಳಗಂಟಿ, ಬಾಯಿಬಡುಕಿ, ಇವಳ ಜಡೆ ಎಳೆದು ಓಡುತ್ತಿದ್ದವಳು ಎಂದೆಲ್ಲ ಹೇಳುತ್ತ ಹೇಳುತ್ತ ಅವಳಿಗೆ ನಗು ಬಂದುಬಿಟ್ಟಿತು.

ಅಲ್ಲಿಂದ ಮುಂದೆ ಆ ಲಿಫ್ಟಿಗೆ ಪದೇ ಪದೇ ಏನಾದರೊಂದು ಕಾಯಿಲೆ. ಬಾಗಿಲು ಕಿರ್ ಅನ್ನುತ್ತೆ, ಗುಂಡಿ ಅಂಟುತ್ತೆ! ಬಂದವನು ಒಂದು ಶರ್ಟು ಎತ್ತಿಕೊಂಡು ಟ್ರಯಲ್ ರೂಮಿಗೆ ಹೋಗುವನು. ಪರದೆಯಿಂದ ತೋಳು ಮಾತ್ರ ಹೊರಗೆ ಚಾಚಿ "ಒಪ್ಪುತ್ತಾ?" ಎನ್ನುವನು. ಇವಳು "ಒಪ್ಪಲ್ಲ" ಎನ್ನುವಳು.

ಅವನಿಗೆ ಶರ್ಟು ಬೇಕಾಗಿದ್ದಕ್ಕೆ ಕಾರಣವಿತ್ತು. ದೂರದ ಊರಿನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಕ್ಕೆ ಅವನನ್ನು ಮೇಲ್ವಿಚಾರಕನಾಗಿ ಕರೆದಿದ್ದರು. ಅಲ್ಲಿ ಈ ಗ್ರೀಸು ಮೆತ್ತಿದ ಬಟ್ಟೆ ನಡೆಯುವುದಿಲ್ಲ. ಅವನಿಗೋ ಹೋಗಲು ಮನಸ್ಸಿಲ್ಲ, ಬೇಡವೆನ್ನಲು ಕಾರಣವಿಲ್ಲ. ಒಳ್ಳೇ ಶರ್ಟು ಸಿಕ್ಕ ದಿನ ಹೊರಡ್ತೀನಿ ಎಂದು ಕಂಪನಿಯವರಿಗೆ ತಮಾಷೆಯಾಗಿ ಹೇಳಿಟ್ಟಿದ್ದ.

ಅದನ್ನು ಕೇಳಿದ ಮೇಲೆ ಕನ್ನಡಿಗೆ ಯಾವ ಶರ್ಟೂ ಹಿಡಿಸಲಿಲ್ಲ ನೋಡಿ. ತಿಳಿ ನೀಲಿ ಅವನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತೆಂದರೆ ಅವಳ ಉಸಿರೇ ನಿಂತ ಹಾಗಾಗಿತ್ತು. ಒಪ್ಪಲ್ಲ ಎಂದಳು. ಬೂದು ಬಣ್ಣ? ಒಪ್ಪಲ್ಲ. ಟೈಲರಮ್ಮ ಮಿಷನ್ನಿನ ಹಿಂದೆ ಮುಸಿಮುಸಿ ನಗುವಳು.

ಒಂದು ದಿನ ಅವನು ಕೇಳಿದ, "ಇಷ್ಟು ಬಟ್ಟೆಯಿದೆಯಲ್ಲ, ಇದರಲ್ಲಿ ನಿಮಗೆ ಯಾವುದು ಇಷ್ಟ?"

 ಊರವರಿಗೆಲ್ಲ ಬಣ್ಣ ಆರಿಸಿಕೊಡುವವಳಿಗೆ ತನ್ನ ಬಣ್ಣ ಯಾವುದೆಂದು ಗೊತ್ತಿರಲಿಲ್ಲ. ಆ ರಾತ್ರಿಯೆಲ್ಲ ಅದೇ ಯೋಚನೆ. ಮುಂದಿನ ಸಲ ಅವನು ಬಂದಾಗ, ಕೇಳುವ ಮೊದಲೇ "ಗಿಳಿ ಹಸಿರು" ಎಂದಳು. ಹೊಸದಾಗಿ ಬಂದಿದ್ದ ಒಂದು ಡ್ರೆಸ್ಸನ್ನು ಹ್ಯಾಂಗರಿನ ಸಮೇತ ಎತ್ತಿ, ಮೈಮೇಲೆ ಹಿಡಿದು, ಕನ್ನಡಿಯಲ್ಲಿ ನೋಡಿಕೊಂಡಳು.  ಅವನು ನೋಡಿದ ನೋಟಕ್ಕೇ ಅವಳ ಕಿವಿ ಬಿಸಿಯಾಯಿತು. ತಕ್ಷಣ ಅಮ್ಮ ನೆನಪಾದಳು. ಡ್ರೆಸ್ಸು ಮತ್ತೆ ಕೊಕ್ಕೆಗೆ ಹೋಯಿತು.

ಆ ದಿನ ಬಂತು. ಎಂಥಾ ಕೆಟ್ಟ ದಿನ!

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಟೈಲರಮ್ಮನ ಮಿಷನ್ ಪಟಪಟನೆ ಓಡುತ್ತಿತ್ತು. ಒಬ್ಬಳು ಅಳತೆ ಕೇಳುತ್ತಿದ್ದಳು, ಇನ್ನೊಬ್ಬಳ ಮಗು ಕಿರುಚುತ್ತಿತ್ತು. ಅವನು ಒಂದು ಕೆಂಪು ಚೌಕಳಿ ಶರ್ಟು ಹಿಡಿದುಕೊಂಡು ಒಳಗೆ ಹೋದ. ಯಾಕೋ ಅವತ್ತು ಅವನ ಮುಖ ಬಿಳುಚಿಕೊಂಡಿತ್ತು. ಪರದೆಯ ಆಚೆಯಿಂದ ಅವನು ಏನೋ ಉದ್ದಕ್ಕೆ ಹೇಳುತ್ತಿದ್ದ. ತೋಳು ಹೊರಗೆ ಬಂತು. ಮಿಷನ್ನಿನ ಸದ್ದಿನಲ್ಲಿ ಅವಳ ಕಿವಿಗೆ ಬಿದ್ದಿದ್ದು ಕೊನೆಯ ಮಾತೊಂದೇ.

"...ಒಪ್ಪುತ್ತಾ?"

ಚೌಕಳಿ ಅವನಿಗೆ ನಿಜವಾಗಿಯೂ ಚೆನ್ನಾಗಿರಲಿಲ್ಲ. ಅಳತೆಯ ಪಟ್ಟಿ ಹುಡುಕುತ್ತಲೇ ಅವಳು ಉತ್ತರ ಕೊಟ್ಟಳು.

"ಇಲ್ಲ, ಒಪ್ಪಲ್ಲ. ಇದಕ್ಕಿಂತ ಒಳ್ಳೇದು ನಿಮಗೆ ಸಿಗುತ್ತೆ. ಬೇರೆ ನೋಡಿ."

ತೋಳು ಮೆಲ್ಲಗೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅವನು ತನ್ನ ಹಳೇ ಬಟ್ಟೆಯಲ್ಲೇ ಹೊರಗೆ ಬಂದ. ಚೌಕಳಿ ಶರ್ಟನ್ನು ನೀಟಾಗಿ ಮಡಿಸಿ ಅವಳ ಕೈಯಲ್ಲಿಟ್ಟ. "ಆಯ್ತು. ತೊಂದರೆ ಕೊಟ್ಟೆ" ಎಂದು ಹೊರಟುಹೋದ. ಲಿಫ್ಟ್ ಹತ್ತಲಿಲ್ಲ. ಮೆಟ್ಟಿಲಿಳಿದ.

'ಇವರಿಗೇನಾಯ್ತು?' ಎಂದುಕೊಂಡಳು. ಅಷ್ಟರಲ್ಲಿ ಇನ್ನೊಂದು ಪರದೆ ಸರಿಯಿತು.

ಅವನು ಮತ್ತೆ ಬರಲಿಲ್ಲ.

ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅವಳು ತಲೆಯೆತ್ತುವಳು. ಕೊನೆಗೆ ಬಂದಿದ್ದು ಬೇರೆ ಮೆಕ್ಯಾನಿಕ್. ಅವನ ಹತ್ತಿರ ಕೇಳಲೇ? ಏನೆಂದು ಕೇಳುವುದು? ನೀನು ಅವನಿಗೆ ಏನಾಗಬೇಕು ಎಂದರೆ ಏನು ಹೇಳುವುದು? ಗಿರಾಕಿ ಬರುತ್ತಾರೆ, ಗಿರಾಕಿ ಹೋಗುತ್ತಾರೆ. ಕನ್ನಡಿಗೆ ಯಾರ ಮೇಲೆ ಹಕ್ಕಿದೆ? ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದಳು. ಎಲ್ಲರಿಗೂ ಒಪ್ಪುತ್ತೆ ಒಪ್ಪುತ್ತೆ ಎಂದಳು.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಟೈಲರಮ್ಮ ದಾರ ಕಡಿಯುತ್ತ ಗೊಣಗಿದಳು.

"ಇಷ್ಟ ಇಲ್ದಿದ್ರೆ ಮೆತ್ತಗೆ ಹೇಳಬಹುದಿತ್ತು ಕಣೇ. ಅಷ್ಟು ಜನರ ಮಧ್ಯೆ... ಪಾಪ, ಅವನ ಮುಖ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ."

"ಯಾರಿಗೆ? ನಾನೇನು ಹೇಳಿದೆ?"

ಟೈಲರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಮಿಷನ್ನಿನಿಂದ ಕಾಲು ತೆಗೆದು ತಿರುಗಿ ಕೂತು, ಅವತ್ತು ತಾನು ಕೇಳಿದ್ದನ್ನು ಹೇಳಿದಳು. ಅವಳು ಕೂರುವುದು ಪರದೆಗೆ ಅಂಟಿಕೊಂಡೇ. ಒಂದಕ್ಷರವೂ ತಪ್ಪಿರಲಿಲ್ಲ. ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಇಲ್ಲ, ಅದಕ್ಕೇ ಇಲ್ಲಿಂದ ಹೇಳ್ತಿದ್ದೀನಿ ಎಂದಿದ್ದನಂತೆ. ನೀವು ಇರು ಅಂದ್ರೆ ಆ ಊರಿಗೆ ಹೋಗಲ್ಲ, ಇಲ್ಲೇ ಇರ್ತೀನಿ. ನಿಮ್ಮಮ್ಮನಿಗೂ ಮಗನ ಹಾಗಿರ್ತೀನಿ. ನನ್ನ ಜೊತೆ ಬಾಳೋದು... ನಿಮ್ಮ ಮನಸ್ಸಿಗೆ ಒಪ್ಪುತ್ತಾ?

ಅವಳು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕುಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳದ್ದು ಆಡಬಾರದ ಮಾತೂ ಅಲ್ಲ. ದಿನಾ ಆಡುತ್ತಿದ್ದ ಮಾತು! ಅದೇ ಅವನ ಎದೆಗೆ ಹೋಗಿ ನೆಟ್ಟಿತ್ತು. 'ಇದಕ್ಕಿಂತ ಒಳ್ಳೇದು ಸಿಗುತ್ತೆ ಅಂದೆನಲ್ಲ... ಬೇರೆ ನೋಡಿ ಅಂದೆನಲ್ಲ... ದೇವರೇ.'

"ಅಳ್ತಾ ಕೂತ್ರೆ ಆಯ್ತಾ? ಹೋಗಿ ಹೇಳು" ಎಂದಳು ಟೈಲರಮ್ಮ.

ಹೇಳುವುದು ಸುಲಭವೇ? ಅವನು ಬೇಕೆಂದರೆ ಅಮ್ಮನಿಗೆ ಏನು ಹೇಳುವುದು? ಒಬ್ಬ ಮಗಳನ್ನು ಕಳೆದುಕೊಂಡವಳು ಅವಳು. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. ಸಂಜೆ ಮನೆಗೆ ಹೋಗಿ ಬೀರು ತೆರೆದಳು. ನೇರಳೆ, ಕಂದು, ಅಚ್ಚ ನೀಲಿ. ಎಲ್ಲ ಅಕ್ಕನದು. ಇದರಲ್ಲಿ ಯಾವುದನ್ನು ಹಾಕಿಕೊಂಡು ಹೋಗಿ ಅವನ ಮುಂದೆ ನಿಲ್ಲುವುದು? 'ನಾನು ಬಂದಿದ್ದೀನಿ' ಎಂದು ಅಕ್ಕನ ಬಟ್ಟೆಯಲ್ಲಿ ನಿಂತು ಹೇಳಿದರೆ, ಬಂದಿದ್ದು ಯಾರು? ಅವಳಿಗೆ ತನ್ನ ಮೇಲೇ ಮರುಕ ಬಂತು.

ಮರುದಿನ ಬಿಡುವಿನ ಹೊತ್ತಿನಲ್ಲಿ ಗಿಳಿ ಹಸಿರು ಡ್ರೆಸ್ಸನ್ನು ಕೊಕ್ಕೆಯಿಂದ ತೆಗೆದಳು. ಇಟ್ಟಳು. ಮತ್ತೆ ತೆಗೆದಳು. ಬಿಲ್ಲಿನ ಮೇಜಿನವರೆಗೆ ಹೋಗಿ, ಅಮ್ಮನ ಮುಖ ಕಣ್ಣ ಮುಂದೆ ಬಂದು, ವಾಪಸು ಬಂದಳು.  ಕೊನೆಗೆ ಟ್ರಯಲ್ ರೂಮಿಗೆ ನುಗ್ಗಿ ಪರದೆ ಎಳೆದುಕೊಂಡಳು. ಎಷ್ಟೋ ವರ್ಷ ಅದರ ಹೊರಗೆ ನಿಂತವಳು ಒಳಗೆ ಹೋಗಿದ್ದು ಅದೇ ಮೊದಲು. ಭುಜ ಭುಜದ ಮೇಲೇ ಕೂತಿತು. ಹೊರಗೆ ಬಂದು, ಟೈಲರಮ್ಮನಿಗೆ ಒಪ್ಪುತ್ತಾ ಎಂದು ಕೇಳಿದಳು.

"ಅದನ್ನ ನನ್ನನ್ನೇನು ಕೇಳ್ತೀಯ?" ಎಂದಳು ಟೈಲರಮ್ಮ. "ಬೇಕೋ ಬೇಡ್ವೋ, ಅದು ಹೇಳು."

 ಬಾಯಿಗೆ ಅಭ್ಯಾಸವಾಗಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಬೇಕು" ಎಂದಳು.

ಬಿಲ್ಲು ಕಟ್ಟಿ, ಅದನ್ನೇ ತೊಟ್ಟುಕೊಂಡು ಸಂಜೆ ಮನೆಗೆ ಹೋದಳು. ಅಮ್ಮ ಕಿಟಕಿಯ ಹತ್ತಿರ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬಾಗಿಲ ಸದ್ದಿಗೆ ಎಂದಿನಂತೆ ಆಸೆಯಿಂದ ತಿರುಗಿದಳು. ಆಸೆ ಮುಖದಲ್ಲೇ ಆರಿಹೋಯಿತು.

"ಇದು ಅವಳದ್ದಲ್ಲ."

"ಅಲ್ಲಮ್ಮ. ನಂದು."

ಅಮ್ಮ ಎದ್ದು ಒಳಗೆ ಹೋಗಿ, ಬೀರು ತೆರೆದು, ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಮಗಳು ಬಾಗಿಲಲ್ಲಿ ನಿಂತಳು. ಹತ್ತಿರ ಹೋಗಲು ಭಯ, ಬಿಟ್ಟು ಹೋಗಲು ಮನಸ್ಸಿಲ್ಲ. ಕೊನೆಗೆ, ಬಿಚ್ಚಿಡ್ಲಾ ಅಮ್ಮ ಎಂದು ಕೇಳಿಯೂಬಿಟ್ಟಳು. ಬೆನ್ನಿನ ಗುಂಡಿಗೆ ಕೈ ಹೋಗಿತ್ತು.

ಅಮ್ಮ ತಿರುಗಿ ನೋಡಿದಳು. ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನು ಯಾವಾಗ ಇಷ್ಟು ಎತ್ತರ ಆದೆ, ಪುಟ್ಟಿ?"

ಪುಟ್ಟಿ! ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಅವಳನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಅವಳು ಓಡಿಹೋಗಿ ಅಮ್ಮನ ಮಡಿಲಿಗೆ ಬಿದ್ದಳು. ಇಬ್ಬರೂ ಒಟ್ಟಿಗೆ ಅತ್ತಿದ್ದು ಅವತ್ತೇ. ನಿನ್ನನ್ನ ನಾನು ನೋಡೇ ಇಲ್ಲ ಕಣೇ, ಇಷ್ಟು ದಿನ ನೋಡೇ ಇಲ್ಲ ಎಂದು ಅಮ್ಮ ಬಡಬಡಿಸಿದಳು. ಅಳು ನಿಂತ ಮೇಲೆ ಮಗುವಿನ ಹಾಗೆ ಕೇಳಿದಳು, "ನಾಳೆ ಅವಳದ್ದು ಹಾಕ್ಕೋತೀಯಾ?"

"ಗೊತ್ತಿಲ್ಲಮ್ಮ" ಎಂದಳು ಮಗಳು. ಹೂಂ ಎನ್ನಲು ಆಗಲಿಲ್ಲ. ಇಲ್ಲ ಎನ್ನಲೂ ಆಗಲಿಲ್ಲ.

ಬೆಳಿಗ್ಗೆ ಬೀರು ತೆರೆಯುವ ಮೊದಲೇ ಹಸಿರು ತೊಟ್ಟು ಹೊರಟಳು. ಅಮ್ಮ ತಡೆಯಲಿಲ್ಲ. ಆ ಬೇರೆ ಮೆಕ್ಯಾನಿಕ್‌ನನ್ನು ಹಿಂದಿನ ದಿನವೇ ನಾಚಿಕೆ ಬಿಟ್ಟು ವಿಚಾರಿಸಿದ್ದಳು. ಇವಳು ಹುಡುಕುತ್ತಿದ್ದವನು ಇನ್ನೂ ಊರು ಬಿಟ್ಟಿರಲಿಲ್ಲ. ನಾಳೆ ಪ್ರಯಾಣವಂತೆ. ಇವತ್ತು ಹಳೇ ಗ್ರಂಥಾಲಯದ ಲಿಫ್ಟ್ ಮುಗಿಸಬೇಕಂತೆ.

ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಲಿಫ್ಟಿನ ಅಡಿಯ ಹಳ್ಳದಿಂದ ಅವನು ಏಣಿ ಹತ್ತಿ ಬರುತ್ತಿದ್ದ. ಮೊಣಕೈವರೆಗೆ ಕಪ್ಪು ಗ್ರೀಸು. ಅವಳನ್ನು ಕಂಡವನೇ ಅರ್ಧ ಏಣಿಯಲ್ಲೇ ನಿಂತ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಮಿಷನ್ ಸದ್ದು..." ಎಂದಳು. "ನನಗೆ ಕೊನೇ ಮಾತು ಮಾತ್ರ ಕೇಳಿಸಿದ್ದು. ನಾನು ಒಪ್ಪಲ್ಲ ಅಂದಿದ್ದು ಶರ್ಟಿಗೆ."

"ಶರ್ಟಿಗಾ?"

"ಆ ಕೆಂಪು ಚೌಕಳಿಗೆ."

"ಇದಕ್ಕಿಂತ ಒಳ್ಳೇದು ಸಿಗುತ್ತೆ ಅಂದ್ರಲ್ಲ?"

"ಶರ್ಟು."

"ಬೇರೆ ನೋಡಿ ಅಂದ್ರಿ..."

"ಶರ್ಟು ಕಣ್ರೀ!"

ಅವನು ಏಣಿಯಿಂದ ಮೇಲೆ ಬಂದು ಮೆಟ್ಟಿಲ ಮೇಲೆ ಕೂತ. ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು. ಎಷ್ಟು ಮರ್ಯಾದೆಯಾಗಿ ಬೇಡ ಅಂದ್ರಲ್ಲ ಅಂತ ನಿಮ್ಮನ್ನ ಬೈಯೋಕೂ ಆಗ್ಲಿಲ್ಲ ನನಗೆ ಎಂದ. ಬೇರೆ ಅಂಗಡಿಯಲ್ಲಿ ಕಣ್ಣು ಮುಚ್ಚಿ ಒಂದು ಬಿಳಿ ಶರ್ಟು ತಂದಿದ್ದನಂತೆ, ಹಾಕಿ ನೋಡಿಯೂ ಇರಲಿಲ್ಲವಂತೆ.

"ಮತ್ತೆ ಕೇಳ್ಲಾ?" ಎಂದ, ತಡೆತಡೆದು.

"ಬೇಡ. ನೀವು ಕೇಳಬೇಡಿ. ನಾನೇ ಹೇಳ್ತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ ನೀವು ಬೇಕು."

ಅವನು ತಲೆ ತಗ್ಗಿಸಿದ. 

ಇಷ್ಟು ಹೊತ್ತಿಗೆ ಎಲ್ಲವೂ ಸರಿಹೋಗಬೇಕಿತ್ತು. ಆದರೆ ಅವನು ಆ ಊರಿನವರಿಗೆ ಮಾತು ಕೊಟ್ಟಾಗಿತ್ತು. ಕಟ್ಟಡ ಮುಗಿಯುವವರೆಗೆ ಬರಲಾಗದು. ಅವಳಿಗೆ ಅಮ್ಮನನ್ನು ಬಿಟ್ಟು ಹೋಗಲಾಗದು. ಅಮ್ಮ ನಿನ್ನೆಯಷ್ಟೇ ಅವಳನ್ನು ಹೆಸರು ಹಿಡಿದು ಕರೆದಿದ್ದಳು. ಬೇಕು ಎಂದರೂ ಕೈಗೆ ಎಟುಕದ ಸಂಕಟ ಇಬ್ಬರದೂ.

"ನಾನು ಬರೋವರೆಗೆ..." ಎಂದ ಅವನು.

"ಇರ್ತೀನಿ. ಹೋಗಿ ಬನ್ನಿ. ಅಮ್ಮನಿಗೂ ಸ್ವಲ್ಪ ದಿನ ಬೇಕು."

ಹೇಳುತ್ತ ಹೇಳುತ್ತ ಅವಳ ಕೆನ್ನೆ ಒದ್ದೆಯಾಯಿತು. ಅವನು ಎದ್ದು ಬಂದ. ಅವಳನ್ನು ಹತ್ತಿರ ಎಳೆದುಕೊಳ್ಳಲು ಕೈ ಚಾಚಿದ. ಕೈ ಗಾಳಿಯಲ್ಲೇ ನಿಂತಿತು. ಹಸಿರು ಡ್ರೆಸ್ಸನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ, ಹಿಂದೆ ಸರಿದ.

"ಗ್ರೀಸು. ಹೊಸ ಬಟ್ಟೆ... ಕಲೆ ಆದ್ರೆ ಹೋಗಲ್ಲ."

ಅವಳು ಆ ಕೈಯನ್ನು ಹಿಡಿದು ತನ್ನ ಭುಜದ ಮೇಲೆ ಇಟ್ಟುಕೊಂಡಳು.

"ಆಗಲಿ ಬಿಡಿ" ಎಂದಳು. "ನಂದೇ ತಾನೆ."